ಯಜಮಾನರ 'ಇರಲಿ'

ಕನ್ನಡಕದಂಗಡಿಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಫೋಟೋದ ಹುಚ್ಚು ಹತ್ತಿದವರೆಲ್ಲ ಸೇರುತ್ತಿದ್ದರು. ಒಬ್ಬ ದರ್ಜಿ, ಒಬ್ಬ ಬಸ್ ಕಂಡಕ್ಟರ್, ಇಬ್ಬರು ಟೀಚರು, ಮತ್ತೆ ಅಂಚೆ ಕಚೇರಿಯ ಕೌಂಟರಿನ ಗಾಜಿನ ಹಿಂದೆ ಕೂರುವ ನಮ್ಮ ಹಿರಿಸೊಸೆ. ತೆಗೆದ ಚಿತ್ರವನ್ನು ಪ್ರಿಂಟ್ ಹಾಕಿಸಿ ತಂದು ಉದ್ದನೆಯ ಮೇಜಿನ ಮೇಲೆ ಇಡಬೇಕು. ಅಂಗಡಿಯ ಯಜಮಾನರು ತಮ್ಮ ಕನ್ನಡಕ ತೆಗೆದು, ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದರು. ಅವರು "ಚೆನ್ನಾಗಿದೆ" ಎಂದರೆ ಆ ಚಿತ್ರ ಸೋತಿತು ಎಂದೇ ಅರ್ಥ. ಹಿಂದೆಯೇ ಬುದ್ಧಿಮಾತು ಬರುತ್ತಿತ್ತು.

"ಚೆನ್ನಾಗಿದೆ. ಆದರೆ ಆ ಮನುಷ್ಯನ ತಲೆ ಮೇಲೆ ಕರೆಂಟ್ ಕಂಬ ಹುಟ್ಟಿದೆಯಲ್ಲಪ್ಪಾ."

"ಚೆನ್ನಾಗಿದೆ. ಕೆರೆ ಒಂದು ಕಡೆ ವಾಲಿ ನೀರೆಲ್ಲ ಚೆಲ್ಲಿಹೋಗ್ತಾ ಇದೆ. ಕ್ಯಾಮೆರಾ ನೆಟ್ಟಗೆ ಹಿಡಿಯಮ್ಮ."

ಎಲ್ಲೋ ಅಪರೂಪಕ್ಕೆ ಒಂದು ಚಿತ್ರದ ಮುಂದೆ ಸುಮ್ಮನೆ ನಿಂತು, ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ಇರಲಿ" ಎನ್ನುತ್ತಿದ್ದರು. ಮತ್ತೊಂದು ಮಾತಿಲ್ಲ. ಆ ಚಿತ್ರ ಅವರ ಬಳಿಯೇ ಉಳಿದು, ಚೌಕಟ್ಟು ಕಟ್ಟಿಸಿಕೊಂಡು ಮೆಟ್ಟಿಲ ಪಕ್ಕದ ಗೋಡೆ ಏರುತ್ತಿತ್ತು. ಅಲ್ಲಿಗೆ ಬರುವವರ ಪಾಲಿಗೆ ಅದಕ್ಕಿಂತ ದೊಡ್ಡ ಬಿರುದಿರಲಿಲ್ಲ.

ಹಿರಿಸೊಸೆಗೆ ವರ್ಷಗಟ್ಟಲೆ ಸಿಕ್ಕಿದ್ದೆಲ್ಲ 'ಚೆನ್ನಾಗಿದೆ'. ಅವಳ ಹತ್ತಿರ ಮೊಳದುದ್ದದ ಲೆನ್ಸಿತ್ತು, ಮುಕ್ಕಾಲಿ ಸ್ಟ್ಯಾಂಡಿತ್ತು, ಮಬ್ಬು ಹರಿಯುವ ಮೊದಲೇ ಎದ್ದು ಬೆಟ್ಟ ಹತ್ತುವ ಛಲವಿತ್ತು. ದಿನಾ ದೇವರ ಮುಂದೆ ದೀಪ ಹಚ್ಚುವಾಗ ಮನೆಮಂದಿಯ ಆರೋಗ್ಯ ಬೇಡಿ, ಕೊನೆಗೆ ಸಂಕೋಚದಿಂದಲೇ ಇನ್ನೊಂದು ಬೇಡುತ್ತಿದ್ದಳು: ಆ ಗೋಡೆಯ ಮೇಲೆ ತನ್ನದೊಂದು ಚಿತ್ರ.

ಅವಳ ಓರಗಿತ್ತಿ, ಮನೆಯ ಕಿರಿಸೊಸೆ, ಆಸ್ಪತ್ರೆಯಲ್ಲಿ ನರ್ಸು. ಯಾರೋ ಬಳಸಿ ಬಿಟ್ಟ ಪುಟ್ಟ ಹಳೇ ಕ್ಯಾಮೆರಾ ಅವಳದು. ಜೂಮ್ ಇಲ್ಲ, ಹತ್ತಿರದ್ದು ಬೇಕೆಂದರೆ ಕಾಲಿನಲ್ಲಿ ನಡೆದೇ ಹತ್ತಿರ ಹೋಗಬೇಕು. "ನಾನೂ ಬರ್ಲಾ ಅಕ್ಕಾ?" ಎಂದು ಆ ಭಾನುವಾರ ಬೆನ್ನು ಹತ್ತಿದಳು. ತಂದದ್ದು ಒಂದೇ ಚಿತ್ರ. ಅತ್ತೆ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಎಂಜಲು ಮಾಡಿದ ದಾರದ ತುದಿ, ಕಿರಿದಾಗಿಸಿದ ಕಣ್ಣು, ಉಸಿರು ಬಿಗಿಹಿಡಿದ ತುಟಿ. ಬೆಳಕೇ ಸೂಜಿಯ ಕಣ್ಣಿನೊಳಗೆ ಹೋಗುತ್ತಿದೆಯೇನೋ ಅನ್ನಿಸುವಂತಿತ್ತು.

ಹಿರಿಸೊಸೆಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ಇದೇ ಅತ್ತೆ ತನ್ನ ಕ್ಯಾಮೆರಾ ಕಂಡರೆ, "ಬಂದ್ಲಪ್ಪ ಫಿರಂಗಿ ಹಿಡ್ಕೊಂಡು! ಗುಂಡು ಹಾರಿಸ್ಬೇಡ್ವೇ, ಇನ್ನೂ ಸ್ವಲ್ಪ ದಿನ ಬದುಕ್ತೀನಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ತನಗೆ ಕೂರದವರು ಇವಳಿಗೆ ಹೇಗೆ ಕೂತರು?

ಯಜಮಾನರು ಬಾಗಿದರು. ಸುಮ್ಮನೆ ನಿಂತರು. ಬೆರಳು ಮುಂದೆ ಬಂತು.

"ಇರಲಿ."

ಕಿರಿಯಳ ಮುಖ ಸಪ್ಪಗಾಯಿತು. ಡ್ಯೂಟಿಗೆ ಹೊತ್ತಾಗಿದ್ದರಿಂದ ಚೀಲ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು. ದರ್ಜಿ ಹಿರಿಯಳ ಕೈ ಕುಲುಕಿದ. "ಮೊದಲನೇ ದಿನಾನೇ ಗೋಡೆ ಹತ್ತಿಬಿಟ್ರಲ್ಲ ನಿಮ್ಮ ತಂಗಿ! ಪಾಪ, ಅವರಿಗೆ ತಿಳೀಲಿಲ್ಲ ಅನ್ಸುತ್ತೆ. ನೀವೇ ಹೇಳಿಬಿಡಿ."

"ಹೇಳ್ತೀನಿ," ಎಂದಳು.

ಸಂಜೆ ಕಿರಿಯಳು ಒಣಗಿದ ಬಟ್ಟೆ ಮಡಚುತ್ತಾ ತಾನೇ ಮಾತು ತೆಗೆದಳು. "ಇರಲಿ ಅಂದ್ಬಿಟ್ರು ಅಕ್ಕಾ. ಮಕ್ಕಳು ಗೋಡೆ ಮೇಲೆ ಗೀಚಿದ್ರೆ ಇರಲಿ ಬಿಡು ಅಂತೀವಲ್ಲ, ಹಾಗೆ. ವಾಪಸ್ ಕೊಡೋದಕ್ಕೂ ಮರೆತ್ರು."

ಹೇಳಬೇಕಾದ ಮಾತು ಹಿರಿಯಳ ನಾಲಿಗೆಯ ತುದಿಯವರೆಗೂ ಬಂತು. ಅಲ್ಲಿ ಕೂತುಕೊಂಡಿತು. ಬಾಯಿಂದ ಹೊರಬಿದ್ದದ್ದೇ ಬೇರೆ.

"ಹೊಸಬರಿಗೆ ಹಾಗೇ ಅನ್ನೋದು ಕಣೇ. ಬೇಜಾರು ಮಾಡ್ಕೋಬೇಡ."

"ಕ್ಯಾಮೆರಾದ್ದೇ ತೊಂದರೆ ಇರಬಹುದಾ? ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತು. ಯಾವುದು ತಗೊಳ್ಳಲಿ ಹೇಳಿ."

ಆಗ ಹಿರಿಯಳು ಕೊಟ್ಟ ಸಲಹೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊಡ್ಡ ಲೆನ್ಸು ದೂರದ್ದನ್ನು ಎಳೆದು ತರುತ್ತದೆ ಎಂದಳು. ನಿಜ. ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣುತ್ತದೆ ಎಂದಳು. ಅದೂ ನಿಜ. ಅದನ್ನು ಹಿಡಿದವಳು ಅತ್ತೆಯ ಮಗ್ಗುಲಲ್ಲಿ ಕೂರಲಾಗದೆ ಬಾಗಿಲಾಚೆಗೆ ಹೋಗಿ ನಿಲ್ಲಬೇಕಾಗುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡಳು. "ಆ ಹಳೇದನ್ನ ಕ್ಯಾಮೆರಾ ಅಂಗಡಿಗೇ ಕೊಟ್ಟು ನನ್ನಂಥದ್ದೇ ತಗೋ," ಎಂದಳು.

ಮರುದಿನ ದೀಪ ಹಚ್ಚಿ ಕೈಮುಗಿದರೆ ಬೇಡಲು ಮಾತೇ ಹೊರಡಲಿಲ್ಲ. ಭಗವಂತ ಬೆಳಕನ್ನು ಎಲ್ಲರ ಕಿಟಕಿಗೂ ಒಂದೇ ಸಮ ಸುರಿಯುತ್ತಾನೆ; ಕಿಟಕಿ ಮುಚ್ಚಿಕೊಂಡವರು ಅವನ ಹತ್ತಿರ ಏನೆಂದು ದೂರುವುದು?

ಶನಿವಾರ ಮಧ್ಯಾಹ್ನ ಇಬ್ಬರೂ ಕ್ಯಾಮೆರಾ ಅಂಗಡಿಗೆ ಹೋದರು. ಅಂಗಡಿಯವನು ಹೊಸದನ್ನು ಗಾಜಿನ ಮೇಲಿಟ್ಟು ಹೊಗಳಿದ. ಕಿರಿಯಳು ಎತ್ತಿ ನೋಡಿದಳು, ಮಣಿಕಟ್ಟು ಬಾಗಿತು. "ಮಗು ಎತ್ಕೊಂಡ ಹಾಗಿದೆ," ಎಂದು ನಕ್ಕಳು. ಅಂಗಡಿಯವನು ಹಳೆಯ ಕ್ಯಾಮೆರಾವನ್ನು ತನ್ನತ್ತ ಎಳೆದುಕೊಂಡು, ಕೊರಳಿಗೆ ಹಾಕಿಕೊಳ್ಳಲು ಅದಕ್ಕಿದ್ದ ಬಟ್ಟೆಯ ಪಟ್ಟಿ ಬಿಚ್ಚತೊಡಗಿದ.

"ಇದು ಬೇಕಾ, ಬಿಸಾಕ್ಲಾ?"

"ಅಯ್ಯೋ, ಬೇಕು. ನಮ್ಮತ್ತೆ ಹೊಲಿದು ಕೊಟ್ಟಿದ್ದು. ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ದಾರ ನಾನು ಪೋಣಿಸ್ತೀನಿ ಅಂದ್ರೆ ಕೊಡಲೇ ಇಲ್ಲ. ಪಕ್ಕದಲ್ಲಿ ಕೂತು ಕಾದೆ."

ಹಿರಿಯಳಿಗೆ ಆಗ ಆ ಚಿತ್ರ ಪೂರ್ತಿ ಕಂಡಿತು. ಅತ್ತೆ ಕ್ಯಾಮೆರಾಕ್ಕೆಂದು ಕೂತಿರಲೇ ಇಲ್ಲ. ಈ ಪಟ್ಟಿ ಹೊಲಿಯಲು ಕೂತಿದ್ದರು, ಇವಳು ಅವರ ಮಗ್ಗುಲಲ್ಲಿ ಕೂತಿದ್ದಳು.

ಅವಳ ಕೈ ತಾನಾಗಿಯೇ ಮುಂದೆ ಚಾಚಿತು. ಹಳೆಯ ಕ್ಯಾಮೆರಾವನ್ನು ಅಂಗಡಿಯವನ ಕೈಕೆಳಗಿನಿಂದ ಬೆರಳಿನಲ್ಲಿ ಪಕ್ಕಕ್ಕೆ ಸರಿಸಿ, "ಇದು ಇರಲಿ," ಎಂದಳು.

"ನೀವೂ ಶುರು ಮಾಡಿದ್ರಾ ಇರಲಿ ಅಂತ?" ಕಿರಿಯಳು ನಕ್ಕಳು. ಹಿರಿಯಳು ನಗಲಿಲ್ಲ.

"ಯಜಮಾನರು ಇರಲಿ ಅಂದ್ರೆ ಗೋಡೆ ಮೇಲೆ ಇರಲಿ ಅಂತ. ಅಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ನನಗೆ ಒಂದ್ಸಲಾನೂ ಅಂದಿಲ್ಲ."

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಕಿರಿಯಳು ಪಟ್ಟಿಯನ್ನು ಮತ್ತೆ ಕಟ್ಟಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಗೆ ನಡೆದಳು. ಅರ್ಧ ದಾರಿ ನಡೆದಳು. ಆಮೇಲೆ ರೋಗಿಯನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು:

"ಹೊಟ್ಟೆಕಿಚ್ಚಾ?"

"ಹೂಂ."

"ಎಷ್ಟು ದಿನದಿಂದ?"

"ನೀನು ಈ ಮನೆಗೆ ಬಂದಾಗಿಂದ ಇರಬಹುದು."

"ಈಗ ಕಡಿಮೆ ಆಗಿದ್ಯಾ?"

"ಇಲ್ಲ ಕಣೇ. ಹಾಗೇ ಇದೆ."

"ಸದ್ಯ, ಇದಾದ್ರೂ ನಿಜ ಹೇಳಿದ್ರಲ್ಲ," ಎಂದು ಕಿರಿಯಳು ದೊಡ್ಡ ಹೆಜ್ಜೆ ಹಾಕಿ ಮುಂದೆ ಹೋದಳು. ಆ ಸಂಜೆಯೆಲ್ಲ ಅಕ್ಕಾ ಎಂದು ಕರೆಯಲಿಲ್ಲ.

ಭಾನುವಾರ ಮೆಟ್ಟಿಲ ಗೋಡೆಯಲ್ಲಿ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಹಿರಿಸೊಸೆ ಅದರ ಮುಂದೆ ನಿಂತಳು. ಚಿತ್ರ ಚೆಂದವೆನ್ನಿಸಿತು. ಕೆಂಡವೂ ಇದ್ದಲ್ಲೇ ಇತ್ತು. ಎರಡನ್ನೂ ಹೊತ್ತುಕೊಂಡು, ಮಹಡಿ ಹತ್ತದೆ ಮನೆಗೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

ಅತ್ತೆ ಹುಬ್ಬೇರಿಸಿದರು. "ಎಲ್ಲೇ ನಿನ್ನ ಫಿರಂಗಿ?"

"ಬೀರುವಿನಲ್ಲಿದೆ."

"ಮತ್ತೆ ಫೋಟೋ?"

"ಇರಲಿ ಬಿಡಿ ಅತ್ತೆ," ಎಂದು ಅವಳು ಅವರ ಕೈಯಲ್ಲಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.