ವಿಠಲಮೂರ್ತಿಯವರ ಎಡಗೈ

ನಾನೊಂದು ಗಾಲ್ಫ್ ಗ್ಲೌಸ್. ಬರೀ ಎಡಗೈಯದು. ಜೋಡಿಯಿಲ್ಲವೆಂದು ಮರುಗಬೇಡಿ. ಬಲಗೈ ಆಟಗಾರರು ಎಡಗೈಗೆ ಮಾತ್ರ ಗ್ಲೌಸ್ ತೊಡುವುದರಿಂದ ಕಾರ್ಖಾನೆಯಲ್ಲೇ ನನ್ನನ್ನು ಒಂಟಿಯಾಗಿ ಹೊಲಿದರು. ಕುರಿಯ ತೆಳು ಚರ್ಮ, ಹಾಲಿನ ಬಿಳುಪು. ಆಗ ನನ್ನೊಳಗೆ ಯಾರೂ ಇರಲಿಲ್ಲ.

ನನ್ನನ್ನು ಕೊಂಡವರು ವಿಠಲಮೂರ್ತಿ, ಗಣಿ ಕಚೇರಿಯಿಂದ ನಿವೃತ್ತರಾದವರು. ಅವರ ಗಣಿ ಊರಿನ ಗಾಲ್ಫ್ ಮೈದಾನದಲ್ಲಿ ಹುಲ್ಲಿಗಿಂತ ಕೆಮ್ಮಣ್ಣೇ ಹೆಚ್ಚು. ಚೆಂಡು ಬೀಳಿಸುವ ಗುಳಿಯ ಸುತ್ತಲೂ, ಹುಲ್ಲಿನ ಬದಲು, ಎಣ್ಣೆ ಹಾಕಿ ತಟ್ಟಿದ ಮರಳು. ಜಾರುವ ನೆಲವೆಂದು ಅವರು ಅಡಿಯಲ್ಲಿ ಮೊಳೆಗಳಿದ್ದ ಹಳೇ ಕಾಲದ ಬೂಟು ಹಾಕುತ್ತಿದ್ದರು. ಬಲ ಮೊಣಕಾಲು ನೋವಿದ್ದುದರಿಂದ ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆತ. ಸಿಮೆಂಟ್ ಜಗುಲಿಯ ಮೇಲೆ ಆ ಸದ್ದು ಕೇಳಿದ ಕೂಡಲೇ ಹೆಂಡತಿ ನಾಗವೇಣಿ ಕಾಫಿಗೆ ಹಾಲಿಡುತ್ತಿದ್ದರು.

ಬೆವರಲ್ಲಿ ನೆನೆದ ಚರ್ಮವನ್ನು ಬಿಡಿಸಿ ಒಣಗಿಸದಿದ್ದರೆ ಅದು ಇದ್ದ ಆಕಾರದಲ್ಲೇ ಸೆಟೆದುಕೊಳ್ಳುತ್ತದೆ. ಅದಕ್ಕೇ ಮೂರ್ತಿಯವರು ಆಟ ಮುಗಿದ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಎಳೆದು ಬೆಂಚಿನ ಮೇಲೆ ಹರಡುತ್ತಿದ್ದರು. ನನಗೆ ಅದು ಬಹಳ ಹಿತವಾಗಿರುತ್ತಿತ್ತು.

ಒಂದು ಬೆಳಿಗ್ಗೆ ಚೆಂಡು ಹೊಡೆಯಲು ಕೋಲು ಎತ್ತಿದವರು ಹಾಗೇ ಕುಸಿದರು. ಆಸ್ಪತ್ರೆಯಲ್ಲಿ ಮುಷ್ಟಿ ಬಿಡಿಸಿ ನನ್ನನ್ನು ಕಳಚಿದರು. ಅಳುವ ಮನೆಯಲ್ಲಿ ಗ್ಲೌಸ್ ಹರಡುವವರು ಯಾರು? ಬೂಟಿನೊಳಗೆ ತುರುಕಿಟ್ಟರು. ಬೆರಳು ಮಡಿಚಿಕೊಂಡು, ಏನನ್ನೋ ಹಿಡಿದವನ ಹಾಗೆ ಅಲ್ಲೇ ಒಣಗಿದೆ.

ಮಗಳು ವಾರಿಜಾ ಅದೇ ಊರಿನ ಶಾಲೆಯಲ್ಲಿ ಟೀಚರ್. ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅವರ ಆಟ ತಾನೂ ಕಲಿಯುತ್ತೇನೆಂದು ಹೊರಟಳು.

"ಹೊಸ ಗ್ಲೌಸ್ ತಗೋಬಾರ್ದೇನೇ?" ಎಂದರು ನಾಗವೇಣಿ.

"ಬೇಡಮ್ಮ, ಅಪ್ಪಂದೇ ಇರ್ಲಿ. ಶೂನೂ ಅವರ್ದೇ. ಮುಂದೆ ಸ್ವಲ್ಪ ಹತ್ತಿ ತುರುಕಿದ್ರಾಯ್ತು."

ಅವಳು ಕೈ ತೂರಿಸಿದಳು. ನನ್ನ ಬೆರಳುಗಳು ಅವಳ ಬೆರಳುಗಳನ್ನು ಮಡಿಚಿದವು. ಆಣೆ ಮಾಡಿ ಹೇಳುತ್ತೇನೆ, ಮಡಿಚಿದ್ದು ನಾನಲ್ಲ. ಅವಳ ಕೈಗಿಂತ ಮೊದಲೇ ಒಳಗೊಂದು ಕೈ ಇತ್ತು.

ಮೊದಲ ಹೊಡೆತವೇ ನೆಟ್ಟಗೆ ಹೋಯಿತು. ಥೇಟ್ ಅಪ್ಪನ ಹೊಡೆತ ಎಂದು ಹಳೆಯ ಜೊತೆಗಾರರು ಕೊಂಡಾಡಿದರು. ಕೆಲವು ವಾರಗಳಲ್ಲಿ ಅವಳ ಬಲಗಾಲು ಎಳೆಯತೊಡಗಿತು. ಮೊಣಕಾಲಲ್ಲಿ ನೋವೇನೂ ಇರಲಿಲ್ಲ. ನನ್ನನ್ನು ಕಳಚಿದ ಮೇಲೂ ಎಡಗೈ ಮುಷ್ಟಿಯಾಗಿಯೇ ಇರುತ್ತಿತ್ತು. ಶಾಲೆಯಲ್ಲಿ ಪುಸ್ತಕ ಹಿಡಿಯಲು ಬಲಗೈಯಿಂದ ಅದನ್ನು ಬಿಡಿಸಬೇಕಿತ್ತು. ಅವಳಿಗೆ ಹೆದರಿಕೆಯಾಯಿತು. ನನಗೂ ಆಯಿತು.

ಒಂದು ಸಂಜೆ ಜಗುಲಿಯ ಮೇಲೆ ಮೊಳೆಗಳ ಸದ್ದಾಯಿತು. ಗಟ್ಟಿ, ಎಳೆತ.

"ಬಂದ್ರಾ? ಹಾಲಿಟ್ಟಿದೀನಿ, ಕೂತ್ಕೊಳ್ಳಿ" ಎಂದರು ನಾಗವೇಣಿ ಒಳಗಿನಿಂದ.

"ಅಮ್ಮಾ, ನಾನು."

ನಾಗವೇಣಿ ಹೊರಗೆ ಬಂದರು. ಮಗಳ ಮುಖ ನೋಡಲಿಲ್ಲ, ನನ್ನನ್ನು ನೋಡಿದರು.

"ಗೊತ್ತು ಕಣೇ. ಒಂದ್ ನಿಮಿಷ ಮಾತಾಡ್ಬೇಡ."

ಮರುದಿನ ವಾರಿಜಾ ನನ್ನನ್ನೂ ಬೂಟನ್ನೂ ಜಗುಲಿಯಲ್ಲೇ ಬಿಟ್ಟು, ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಹಾಕಿಕೊಂಡಳು.

"ಬರಿಗೈಲಿ ಆಡಿದ್ರೆ ಬೊಬ್ಬೆ ಏಳತ್ತೆ. ಹಾಕ್ಕೊಂಡು ಹೋಗೇ" ಎಂದು ತಾಯಿ ಅಂಗಲಾಚಿದರು.

"ಏಳ್ಲಿ ಬಿಡಮ್ಮ. ನನ್ ಕೈ ಮೇಲೇ ತಾನೆ ಏಳೋದು?"

ಗೇಟಿನವರೆಗೂ ಅವಳ ಕಾಲು ಎಳೆಯಿತು. ರಸ್ತೆಗಿಳಿದ ಮೇಲೆ ಸರಿಹೋಯಿತು. ಈಗ ಅವಳ ಚೆಂಡು ಎಲ್ಲೆಲ್ಲಿಗೋ ಹಾರುತ್ತದಂತೆ. ಕೇಳಿ ನನಗೆ ಸಂತೋಷವಾಯಿತು.

ನಾನೀಗ ಬೀರುವಿನ ಕೆಳಗಿನ ಅರೆಯಲ್ಲಿದ್ದೇನೆ. ಬಿಳುಪು ಹಳದಿಯಾಗಿದೆ, ಹೆಬ್ಬೆರಳ ಹೊಲಿಗೆ ಬಿಟ್ಟಿದೆ. ವಯಸ್ಸಾದ ಗ್ಲೌಸಿಗೆ ಬೇರೇನು ಕೆಲಸ, ಸುಮ್ಮನೆ ಮಲಗಿರುವುದು. ಆದರೆ ನನಗೆ ಆ ಸುಖವೂ ಇಲ್ಲ.

ಮಗಳು ಶಾಲೆಗೆ ಹೋದ ಮೇಲೆ ನಾಗವೇಣಿ ಬೀರು ತೆರೆಯುತ್ತಾರೆ. ನನ್ನನ್ನು ಕೈಗೆ ತೊಡುವುದಿಲ್ಲ. ಮಡಿಲಲ್ಲಿಟ್ಟುಕೊಂಡು, ತಮ್ಮ ಎರಡು ಬೆರಳುಗಳನ್ನು ನನ್ನ ಮುಷ್ಟಿಯ ಸಂದಿಗೆ ತೂರಿಸಿ ಕಾಯುತ್ತಾರೆ. ಒಣಗಿದ ಚರ್ಮ ತಾನಾಗಿ ಬಿಗಿಯಲಾರದು, ಅದು ನನಗೆ ಚೆನ್ನಾಗಿ ಗೊತ್ತು.

"ಮೆಲ್ಲಗೆ ರೀ" ಎನ್ನುತ್ತಾರೆ ಅವರು, "ಉಂಗುರ ಒತ್ತತ್ತೆ."