ಬಿಸಿಯೇರುವ ಡಯೋಡು

"ಸರ್, ನಿಮ್ಮ ಡಯೋಡು ಕಂಪ್ಯೂಟರಿನಲ್ಲಿ ಓಡೋದನ್ನ ಒಂದಲ್ಲ ಒಂದು ದಿನ ನಿಮಗೆ ತೋರಿಸೇ ತೋರಿಸ್ತೀನಿ" ಎಂದು ನಾನು ಮಹಾಬಲೇಶ್ವರ ಸರ್‌ಗೆ ಮಾತು ಕೊಟ್ಟಾಗ ಇನ್ನೂ ಕಾಲೇಜು ಮುಗಿದಿರಲಿಲ್ಲ. ವಿಜಯವಾಡದ ಪಟಮಟದಲ್ಲಿ ಅವರ ಮನೆ. ಸರ್ ಕುಮಟಾ ಕಡೆಯವರು. ತೆಲುಗಿನ ಅನ್ನಪೂರ್ಣಮ್ಮನನ್ನು ಮದುವೆಯಾಗಿ ಅಲ್ಲೇ ನೆಲೆನಿಂತು ನಮಗೆ ಪಾಠ ಹೇಳುತ್ತಿದ್ದರು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಬಿಸಿಯಾದಂತೆಲ್ಲ ಸ್ವಭಾವ ಬದಲಿಸುವ ಡಯೋಡಿಗೆ ತಾವೇ ಒಂದು ಸಮೀಕರಣ ಕಟ್ಟಿದ್ದರು.

ಸರ್ಕ್ಯೂಟಿನ ಲೆಕ್ಕ ಮಾಡುವ ಪ್ರೋಗ್ರಾಂ ಮೊದಲು ವೋಲ್ಟೇಜನ್ನು ಊಹಿಸುತ್ತದೆ. ಅಲ್ಲಿ ಕರೆಂಟು ಎಷ್ಟು ಕಡಿದಾಗಿ ಏರುತ್ತಿದೆ ಎಂದು ನೋಡಿ ಊಹೆಯನ್ನು ತಿದ್ದಿಕೊಳ್ಳುತ್ತದೆ. ಆ ಏರಿಕೆಯೇ ಡಿರೈವೇಟಿವ್. ಆಗ ಅದನ್ನು ನಾವೇ ಕೈಯಲ್ಲಿ ಬಿಡಿಸಿ ಕೊಡಬೇಕಿತ್ತು. ಸರ್ ಮನೆಯ ವರಾಂಡದಲ್ಲಿ ಅದಕ್ಕೊಂದು ಪದ್ಧತಿ: ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂತು ಬೇರೆಬೇರೆಯಾಗಿ ಬಿಡಿಸಬೇಕು, ಆಮೇಲೆ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ನನ್ನ ಬೆನ್ನಿಗಿದ್ದವಳು ಸಹಪಾಠಿ ಹಿಮಬಿಂದು. ತಾಳೆಯಾದರೆ ಅನ್ನಪೂರ್ಣಮ್ಮನ ಹೆಸರುಕಾಳಿನ ದೋಸೆ, ಪೆಸರಟ್ಟು. ಆಗದಿದ್ದರೂ ಪೆಸರಟ್ಟೇ, ಜೊತೆಗೆ ಸರ್ ಬೈಗುಳ. ಹೆಸರುಹಿಟ್ಟು ಕಾವಲಿಗೆ ಬಿದ್ದ ಆ ಚುಂಯ್ ಸದ್ದಿಗೆ ನಮ್ಮ ಓದು ಅರ್ಧಕ್ಕೇ ನಿಲ್ಲುತ್ತಿತ್ತು.

ಡಯೋಡಿನದು ಅಕ್ಷರಕ್ಕಕ್ಷರ ತಾಳೆಯಾಯಿತು. ಆದರೂ ಪ್ರೋಗ್ರಾಂ ಉತ್ತರದ ಸುತ್ತ ಅಲೆದಲೆದು ನಿಂತೇಹೋಗುತ್ತಿತ್ತು. "ಹಾಗಾದ್ರೆ ಸಮೀಕರಣವೇ ತಪ್ಪು" ಎಂದು ಸರ್ ಕೈಬಿಟ್ಟರು. ಮತ್ತೆಂದೂ ಅದರ ಹೆಸರೆತ್ತಲಿಲ್ಲ. ನಾನು ಮಾತು ಕೊಟ್ಟಿದ್ದು ಅವತ್ತು.

ಈಗ ನಾನಿರುವುದು ವಿಶಾಖಪಟ್ಟಣದ ಪೆಂದುರ್ತಿಯಲ್ಲಿ. ಗಂಡನಿಗೆ ಪರವಾಡದ ಕಾರ್ಖಾನೆಯಲ್ಲಿ ಶಿಫ್ಟು. ಮಗಳು ಸಾಯಿಪ್ರಿಯಾಳ ಡಬ್ಬಿ, ಜಡೆ, ಹೋಮ್‌ವರ್ಕ್ ಎಲ್ಲ ಮುಗಿಸಿ ಆಫೀಸು. ಅಲ್ಲಿ ನಾವು ಯಾರೂ ಡಿರೈವೇಟಿವ್ ಬಿಡಿಸುವುದಿಲ್ಲ. ಸಮೀಕರಣ ಬರೆದರೆ ಸಾಕು. ಪ್ರೋಗ್ರಾಮೇ ಅದನ್ನು ಕೂಡು, ಗುಣಿಸು ಎಂಬಷ್ಟು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಯ ಏರಿಕೆಯನ್ನೂ ಒಂದಕ್ಕೊಂದು ಪೋಣಿಸಿ ನಿಖರವಾಗಿ ಕೊಡುತ್ತದೆ. ಕಳೆದ ತಿಂಗಳು ಊಟದ ಬಿಡುವಿನಲ್ಲಿ ಸರ್ ಸಮೀಕರಣವನ್ನು ಅದಕ್ಕೆ ಕೊಟ್ಟೆ. ತಕ್ಷಣ ಉತ್ತರ ಬಂತು. ಅಂದು ಬಾರದ್ದು ಈಗ ಯಾಕೆ ಬಂತೆಂದು ನನಗೂ ತಿಳಿಯಲಿಲ್ಲ.

ಆ ಭಾನುವಾರ ಮಗಳನ್ನು ಕರೆದುಕೊಂಡು ಪಟಮಟಕ್ಕೆ ಹೋದೆ. ಸರ್ ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು.

"ಡಿರೈವೇಟಿವ್ ಬಿಡಿಸಿದ್ದು ಯಾರು?"

"ಯಾರೂ ಇಲ್ಲ ಸರ್, ಪ್ರೋಗ್ರಾಮೇ."

"ತಾಳೆ ನೋಡ್ದೇ ಹ್ಯಾಂಗೆ ನಂಬೂದು ಮಾರಾಯ್ತಿ? ಕೂತ್ಕೋ."

"ಏಮಂಡೀ, ಹುಡುಗಿ ವೈಜಾಗಿಂದ ಬಂದಿದ್ದಾಳೆ, ನೀರಾದ್ರೂ ಕುಡೀಲಿ. ಬಂದ ಕೂಡ್ಲೇ ಪರೀಕ್ಷೆಯಾ?" ಎಂದರು ಅನ್ನಪೂರ್ಣಮ್ಮ.

ಸರ್ ಮತ್ತು ನಾನು ಬೆನ್ನಿಗೆ ಬೆನ್ನು ಹಾಕಿ ಕೂತೆವು.

"ತಾತಗಾರೂ, ಅಮ್ಮ ಕಾಪಿ ಹೊಡೀತಿದ್ದಾಳೆ, ನೋಡಂಡಿ!" ಎಂದಳು ಸಾಯಿಪ್ರಿಯಾ.

ಬಿಡಿಸಿದ್ದಕ್ಕೆ ಒಂದೇ ವೋಲ್ಟೇಜು ಹಾಕಿ, ಬಂದ ಅಂಕಿ ಓದಿದೆವು. ನಮ್ಮಿಬ್ಬರದೂ ತಾಳೆಯಾಯಿತು, ಪ್ರೋಗ್ರಾಂ ಕೊಟ್ಟ ಅಂಕಿಯೇ ಬೇರೆ. ಸರ್ ಸಾಲುಸಾಲಾಗಿ ಬೆರಳಿಟ್ಟುಕೊಂಡು ಇಳಿದವರು ಒಂದು ಕಡೆ ನಿಂತರು.

"ಬಿಸಿ ಬದಲಾಗೂದಿಲ್ಲ ಅಂದ್ಕೊಂಡೇ ಬಿಡಿಸಿದ್ದೇವಲ್ಲ! ವೋಲ್ಟೇಜು ಏರಿದ್ರೆ ಬಿಸಿಯೂ ಏರ್ತದೆ. ಆ ಪದವೇ ಬಿಟ್ಟುಹೋಯ್ತು." ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ನಿನಗೂ ಹಿಮಬಿಂದುಗೂ ಕಲಿಸಿದ್ದು ನಾನೇ. ಮೂವರದೂ ಒಂದೇ ತಪ್ಪು, ತಾಳೆ ಆಗ್ದೇ ಏನು ಮಾಡ್ತದೆ!"

ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು, "ಅಂದ್ರೆ ಸಮೀಕರಣ?"

"ಮೊದಲಿಂದಲೂ ಸರಿಯಿತ್ತು ಸರ್."

"ಇನ್ನೊಂದ್ಸಲ ಓಡ್ಸು."

ಓಡಿಸಿದೆ. ಸರ್ ನೋಡಿದರು. ಕೊಟ್ಟ ಮಾತು ನಡೆಯಿತು.