ಕಂಪೈಲರಿನ ಬಾಯಿ ಮುಚ್ಚಿಸಿದ ಸೊಸೆ

ಸೊಸೆ ಕೈಯಾರೆ ಮಾಡಿದ ಕಾವುಪೆಟ್ಟಿಗೆ ಎಂದರೆ ಅತ್ತೆಗೆ ಎಲ್ಲಿಲ್ಲದ ಹೆಮ್ಮೆ. ಮೊಟ್ಟೆಗೆ ಬೇಕಾದಷ್ಟೇ ಶಾಖ ಕೊಡುವ ಪೆಟ್ಟಿಗೆ ಅದು. ಅದನ್ನು ನಡೆಸುವ ಪ್ರೋಗ್ರಾಮನ್ನೂ ಸೊಸೆಯೇ ಸಿ ಭಾಷೆಯಲ್ಲಿ ಬರೆದಿದ್ದಳು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಕಂಪೈಲರಿನ ಕೆಲಸ. ಆದರೆ ಇವತ್ತು ಪೆಟ್ಟಿಗೆ ತಣ್ಣಗೆ ಕೂತಿತ್ತು. ಪರದೆಯ ಮೇಲೆ ಶಾಖದ ಅಂಕಿ ಒಮ್ಮೆ ಸೊನ್ನೆ, ಒಮ್ಮೆ ಸಾವಿರ. ಹಲಗೆಯ ಮೇಲಿದ್ದ ಬಾತುಕೋಳಿ ಮೊಟ್ಟೆಗಳನ್ನು ಸಂಜೆಯೊಳಗೆ ಕಾವಿಗೆ ಇಡದಿದ್ದರೆ ಈ ಸಲ ಮರಿಗಳ ಆಸೆ ಬಿಟ್ಟಂತೆಯೇ.

ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವ ನಾದಿನಿ ಬಂದು ಪಕ್ಕದಲ್ಲಿ ಕುಳಿತಳು.

"ಅತ್ತಿಗೆ, ಕಂಪೈಲರ್ ಏನೂ ಹೇಳ್ಲಿಲ್ವಾ?"

"ಏನೋ ಎಚ್ಚರಿಕೆ ಅಂತ ಗೊಣಗ್ತಿತ್ತು. ಬಾಯಿ ಮುಚ್ಚಿಸ್ದೆ."

ಆ ಮನೆಯ ರೂಢಿಯೇ ಅದು. ಮಗು ಮಲಗಿತೆಂದರೆ ಕರೆಗಂಟೆಯಿಂದ ಹಿಡಿದು ಬಟ್ಟೆ ಒಗೆಯುವ ಯಂತ್ರದವರೆಗೆ ಕೂಗುವುದೆಲ್ಲದರ ಬಾಯಿ ಮುಚ್ಚಿಸುವುದು. ಕಂಪೈಲರಿಗೂ ಸೊಸೆ ಅದೇ ಮದ್ದು ಅರೆದಿದ್ದಳು. ಎಚ್ಚರಿಕೆಗಳೇ ಬಾರದಂತೆ ಸೆಟ್ಟಿಂಗ್ ಬದಲಿಸಿದ್ದಳು.

"ಪ್ರೋಗ್ರಾಂ ಓಡ್ತಿದೆಯಲ್ಲ. ತಪ್ಪಿದ್ರೆ ಓಡ್ತಿತ್ತಾ?" ಎಂದಳು ಸೊಸೆ.

"ಓಡುತ್ತೆ, ದಾರಿ ತಪ್ಪಿ ಓಡುತ್ತೆ," ಎಂದಳು ನಾದಿನಿ, ಪ್ರೋಗ್ರಾಮಿನ ಸಾಲುಗಳ ಮೇಲೆ ಕಣ್ಣಾಡಿಸಿ. " ಶಾಖ ಅಳೆಯೋ ಫಂಕ್ಷನ್ ಬೇರೆ ಫೈಲಲ್ಲಿದೆ. ಇಲ್ಲಿ ಅದನ್ನ ಘೋಷಿಸ್ದೇನೇ ಕರ್ದಿದ್ದೀರಿ. ನಿಮ್ಮ ಕಂಪೈಲರ್ ಹಳೇದು. ಬರೋದು ಪೂರ್ಣಸಂಖ್ಯೆ ಅಂತ ತಾನೇ ಊಹೆ ಮಾಡ್ಕೊಳ್ಳುತ್ತೆ. ಫಂಕ್ಷನ್ ಕೊಡೋದು ದಶಮಾಂಶ. ಪಾಪ, ಮೊಟ್ಟೆಗೆ ಬೇಕಾದ ಮೂವತ್ತೇಳೂವರೆ ಡಿಗ್ರಿ ಎಲ್ಲಿಗೆ ಹೋಗ್ಬೇಕು? ಒಂದು ಸಾಲು ಘೋಷಣೆ ಬರೀರಿ, ಸಾಕು."

"ಒಂದು ಸಾಲಿಂದ ಏನಾಗುತ್ತೋ ನೋಡೋಣ," ಎನ್ನುತ್ತಲೇ ಸೊಸೆ ಇಂಥ ಘೋಷಣೆಗಳನ್ನಿಡುವ ಹೆಡರ್ ಫೈಲೊಂದನ್ನು ತೆರೆದಳು. ಫಂಕ್ಷನ್ನಿನ ಹೆಸರು ಇದು, ಇದಕ್ಕೆ ಏನೂ ಕೊಡಬೇಕಿಲ್ಲ, ಇದು ಹಿಂದಿರುಗಿಸುವುದು ದಶಮಾಂಶ ಎಂದು ಸಾರುವ ಒಂದೇ ಸಾಲು ಬರೆದಳು. ಆ ಹೆಡರನ್ನು ಎರಡೂ ಫೈಲುಗಳಿಗೆ ಸೇರಿಸಿದಳು. ಎಚ್ಚರಿಕೆಗಳು ಮತ್ತೆ ಬರುವಂತೆ ಮಾಡಿದಳು. ಈ ಸಲ ಕಂಪೈಲರ್ ತಾನಾಗಿಯೇ ತುಟಿಪಿಟಕ್ಕೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಬೆಚ್ಚಗಾಯಿತು, ಪರದೆಯ ಮೇಲೆ ಮೂವತ್ತೇಳೂವರೆ ಬಂದು ನಿಂತಿತು.

"ಮುಚ್ಚಿಸ್ಬೇಕಾಗಿದ್ದು ನನ್ನ ಬಾಯಿನೇ ಕಣೇ," ಎಂದು ನಗುತ್ತಾ ಸೊಸೆ ಮೊಟ್ಟೆಗಳನ್ನು ಒಂದೊಂದಾಗಿ ಒಳಗಿಟ್ಟಳು.

ಮರಿಗಳು ಹೊರಬಂದ ದಿನ ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿದರು: "ಪೆಟ್ಟಿಗೆ ಸೊಸೆದು, ಬುದ್ಧಿವಾದ ಮಗಳದು. ಬಾತುಕೋಳಿದು ಬರೀ ಮೊಟ್ಟೆ."

ಸಿ ಬರೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಯಾವ ಫಂಕ್ಷನ್ನನ್ನೇ ಆಗಲಿ ಕರೆಯುವ ಮುಂಚೆ ಘೋಷಿಸಿ. ಲೈಬ್ರರಿಯದಾದರೆ ಅದರ ಹೆಡರ್ ಸೇರಿಸಿ. ಘೋಷಣೆಯಿಲ್ಲದ ಕರೆ ಕಂಡರೆ ಅಲ್ಲೇ ನಿಲ್ಲಿಸು ಎಂದು ಕಂಪೈಲರಿಗೆ ಮೊದಲೇ ಹೇಳಿಡಿ. ಅದು ಗೊಣಗಿದರೆ ಗದರಬೇಡಿ. ನಿಮ್ಮ ಮೊಟ್ಟೆಗಳನ್ನು ಕಾಯುತ್ತಿರುವುದು ಅದೇ.